ತೂಕದ ಯಂತ್ರಕ್ಕೆ ಏನು ಗೊತ್ತು?

ನಲವತ್ತು ದಾಟಿದವರು ರಕ್ತಪರೀಕ್ಷೆಯ ವರದಿ ಹಿಡಿದು ಯಾರ ಮುಂದೆ ಕೂತರೂ ಸಿಗುವ ಸಲಹೆ ಒಂದೇ. ಅನ್ನ ಬಿಡಿ. ರಾತ್ರಿಗೆ ಎರಡು ಚಪಾತಿ ಸಾಕು. ಬೆಳಗ್ಗೆ ಎದ್ದು ವಾಕಿಂಗ್ ಮಾಡಿ. ತೂಕ ಇಳಿಸಿ. ಡಾಕ್ಟರು ಇದನ್ನು ಹೇಳುವ ಮೊದಲೇ ಭಾವಮೈದ ಹೇಳಿರುತ್ತಾನೆ, ಅವನಿಗೂ ಮೊದಲು ವಾಟ್ಸಾಪ್ ಹೇಳಿರುತ್ತದೆ. ಮೂರ್ನಾಲ್ಕು ತಿಂಗಳಾದ ಮೇಲೆ ತೂಕದ ಯಂತ್ರದ ಮುಳ್ಳು ಹಿಂದಕ್ಕೆ ಸರಿದಿದ್ದರೆ ಮನೆಯಲ್ಲಿ ಸಂಭ್ರಮ. ಕೆನ್ನೆ ಒಳಗೆ ಹೋಗಿದೆ, ತೋಳು ಸೊರಗಿದೆ, ಷರ್ಟು ಹೆಗಲಿನಿಂದ ಜಾರುತ್ತಿದೆ. ಹೊಟ್ಟೆ ಮಾತ್ರ ಹೆಚ್ಚುಕಮ್ಮಿ ಇದ್ದಲ್ಲೇ ಇದೆ. ಮದುವೆ ಮನೆಯ ನೆಲದ ಪಂಕ್ತಿಯಲ್ಲಿ ಕೂತರೆ ಏಳಲು ಪಕ್ಕದವರ ಹೆಗಲು ಬೇಕು. ಇಂಥವರನ್ನು ಕಂಡು ನಾವು ‘ಚೆನ್ನಾಗಿ ಇಳಿದಿದ್ದೀರಿ, ಏನು ಮಾಡಿದ್ರಿ?’ ಎಂದು ಕೇಳುತ್ತೇವೆ.

ಈ ಸಲಹೆ ಕೊಡುವವರ ಸಮಯ ಉಳಿಸುತ್ತದೆ, ತೆಗೆದುಕೊಂಡವರ ಸ್ನಾಯು ಕಳೆಯುತ್ತದೆ ಎಂಬುದು ನನ್ನ ತಕರಾರು. ಕಡಿಮೆ ತಿನ್ನುವುದೂ ಒಳ್ಳೆಯದೇ, ನಡೆಯುವುದೂ ಒಳ್ಳೆಯದೇ. ಆದರೆ ಏನನ್ನು ಕಡಿಮೆ ತಿನ್ನಬೇಕು, ಅದರ ಜಾಗಕ್ಕೆ ಏನು ಬರಬೇಕು, ನಡಿಗೆಯ ಜೊತೆಗೆ ಮೈಗೆ ಯಾವ ಭಾರ ಕೊಡಬೇಕು ಎಂಬುದನ್ನು ಹೇಳದೆ ಬರೀ ‘ಇಳಿಸಿ’ ಎಂದರೆ, ದೇಹ ಕೊಬ್ಬಿನ ಜೊತೆಗೆ ಕೆಲಸವಿಲ್ಲದೆ ಕೂತ ಸ್ನಾಯುವನ್ನೂ ಕರಗಿಸುತ್ತದೆ. ಕರಗಿದ್ದು ಯಾವುದು ಎಂದು ಯಂತ್ರ ಹೇಳುವುದಿಲ್ಲ. ಹೇಳಬೇಕಾದ ಮನುಷ್ಯರೂ ಹೇಳುತ್ತಿಲ್ಲ.

ಮೊದಲು ಈ ತೂಕದ ಲೆಕ್ಕವನ್ನೇ ವಿಚಾರಿಸೋಣ. ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸುವ ಸೂತ್ರ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆಯದು. ಆತ ವೈದ್ಯನಲ್ಲ, ಖಗೋಳ ಮತ್ತು ಸಂಖ್ಯಾಶಾಸ್ತ್ರ ಬಲ್ಲವನು. 1830ರ ದಶಕದಲ್ಲಿ ‘ಸರಾಸರಿ ಮನುಷ್ಯ’ ಎಂಬುವನು ಹೇಗಿರುತ್ತಾನೆಂದು ಲೆಕ್ಕ ಹಾಕಲು ಹೊರಟಿದ್ದ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂದು ಹೆಸರಿಟ್ಟ. ಜನಸಮೂಹಗಳನ್ನು ಹೋಲಿಸಲು ಹುಟ್ಟಿದ ಸೂತ್ರ ಈಗ ಬಿಎಂಐ ಎಂಬ ಹೆಸರಲ್ಲಿ ಒಬ್ಬೊಬ್ಬರ ಹಣೆಬರಹ ಬರೆಯುತ್ತಿದೆ.

ಅದಕ್ಕೆ ಕಣ್ಣು ಎಷ್ಟು ಕಾಣುತ್ತದೆ ಎಂದು ತಿಳಿಯಲು 2004ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಫೋಟೊ ಸಾಕು. ಅದರಲ್ಲಿ ಇಬ್ಬರು ವೈದ್ಯರು ಅಕ್ಕಪಕ್ಕ ನಿಂತಿದ್ದಾರೆ: ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐಯೂ 22.3. ಇಬ್ಬರೂ ನೋಡಲು ಸಣಕಲು. ಮೈಯ ಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರಲ್ಲಿದ್ದದ್ದು ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ತೂಕದ ಯಂತ್ರಕ್ಕೆ ಅವರಿಬ್ಬರೂ ಒಂದೇ.

ಇದು ಯಾಜ್ಞಿಕರೊಬ್ಬರ ಮೈಗುಣವಲ್ಲ. ಅವರು ಪುಣೆಯ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಅಳೆದಿದ್ದರು. ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಮಕ್ಕಳದು 3.5. ಅಷ್ಟು ಹಗುರದ ಮಕ್ಕಳಲ್ಲಿ ಸ್ನಾಯು ಬಹಳ ಕಡಿಮೆಯಿತ್ತು, ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಾಗಿರಲಿಲ್ಲ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1997-98ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನದಲ್ಲೂ ಇದೇ ಕಂಡಿತು: ಮಕ್ಕಳು ಸಣ್ಣ, ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಬ್ರಿಟನ್ನಿನ ಮಕ್ಕಳಿಗೆ ಸರಿಸಮ. ಹುಟ್ಟುವಾಗಲೇ ಸ್ನಾಯುವಿನಲ್ಲಿ ಬಡವರಾದ ಜನ ನಾವು. ಇಂಥ ಮೈಗೆ ‘ಇನ್ನೂ ಸ್ವಲ್ಪ ಇಳಿಸಿ’ ಎನ್ನುವಾಗ ಇರುವ ಬಂಡವಾಳದಲ್ಲಿ ಯಾವುದು ಹೋಗುತ್ತದೆ ಎಂದು ಕೇಳುವುದು ಬೇಡವೇ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ದೇಶದಾದ್ಯಂತ ನಡೆಸಿದ ಇಂಡಿಯಾಬ್ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಬಂತು. ಬಿಎಂಐ ಪ್ರಕಾರ ಬೊಜ್ಜಿರುವವರು ಶೇ. 28.6. ಹೊಟ್ಟೆಯ ಸುತ್ತಳತೆಯ ಪ್ರಕಾರ ಬೊಜ್ಜಿರುವವರು ಶೇ. 39.5. ನಡುವಿನ ಈ ಅಂತರದಲ್ಲಿ ಕೋಟಿಗಟ್ಟಲೆ ಜನರಿದ್ದಾರೆ. ಯಂತ್ರದ ಮೇಲೆ ನಿಂತರೆ ಪಾಸು, ಟೇಪು ಹಿಡಿದರೆ ಫೇಲು. ನಮ್ಮ ದೇಶದವರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದ ಹೊಟ್ಟೆ ಅಪಾಯ ಎಂದು ತಜ್ಞರು 2009ರಲ್ಲೇ ಹೇಳಿದ್ದಾರೆ. ಎಷ್ಟು ಕ್ಲಿನಿಕ್ಕುಗಳಲ್ಲಿ ಟೇಪು ಇದೆ? ದರ್ಜಿಯ ಅಂಗಡಿಯಲ್ಲಿ ಇದೆ, ಡಾಕ್ಟರ ಮೇಜಿನ ಮೇಲೆ ಇಲ್ಲ.

ಇನ್ನು ಅನ್ನದ ಮಾತು. ಕಳೆದ ಹತ್ತು-ಹದಿನೈದು ವರ್ಷಗಳಲ್ಲಿ ಅನ್ನವನ್ನು ಖಳನಾಯಕನನ್ನಾಗಿ, ರಾಗಿ ಮತ್ತು ಸಿರಿಧಾನ್ಯಗಳನ್ನು ದೇವರನ್ನಾಗಿ ಮಾಡಿದ್ದೇವೆ. ಮುದ್ದೆ ನನಗೂ ಪ್ರಿಯ. ಬಸ್ಸಾರಿನ ಜೊತೆ ಮುದ್ದೆಯನ್ನು ಬಯ್ಯುವ ಧೈರ್ಯ ಹಳೇ ಮೈಸೂರಿನ ಕಡೆಯವನಿಗೆ ಇರುವುದೂ ಇಲ್ಲ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕ ಬಿಡಿಸಿ ನೋಡಿ. 100 ಗ್ರಾಂ ರಾಗಿಯಲ್ಲಿ ಪ್ರೊಟೀನ್ ಸುಮಾರು 7 ಗ್ರಾಂ, ಅಕ್ಕಿಯಲ್ಲಿ ಸುಮಾರು 8. ಶಕ್ತಿ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ 356. ರಾಗಿಯ ಹೆಚ್ಚುಗಾರಿಕೆ ನಾರಿನಲ್ಲಿದೆ, ಸುಣ್ಣದಲ್ಲಿದೆ: ಕ್ಯಾಲ್ಸಿಯಂ ಸುಮಾರು 360 ಮಿಲಿಗ್ರಾಂ, ಅಕ್ಕಿಯಲ್ಲಿ ಅದು ಹತ್ತನ್ನೂ ಮುಟ್ಟುವುದಿಲ್ಲ. ಅದಕ್ಕಾಗಿ ರಾಗಿ ತಿನ್ನಿ, ಖಂಡಿತ ತಿನ್ನಿ. ‘ಅನ್ನ ಬಿಟ್ಟು ಮುದ್ದೆ ಹಿಡಿದೆ, ಇನ್ನು ಮೈ ಗಟ್ಟಿಯಾಗುತ್ತದೆ’ ಎಂದುಕೊಂಡರೆ ಒಂದು ಪಿಷ್ಟವನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡಿದ್ದೀರಿ, ಅಷ್ಟೇ.

ಇದು ನನ್ನೊಬ್ಬನ ಹಟದ ಮಾತಲ್ಲ. ಅದೇ ಇಂಡಿಯಾಬ್ ತಂಡ ನಮ್ಮ ದೇಶದವರ ತಟ್ಟೆಯ ಬಗ್ಗೆ 2025ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬರೆಯಿತು. ನಾವು ತಿನ್ನುವ ಶಕ್ತಿಯಲ್ಲಿ ಶೇ. 62ರಷ್ಟು ಪಿಷ್ಟ ಮತ್ತು ಸಕ್ಕರೆಯಿಂದ, ಪ್ರೊಟೀನಿನಿಂದ ಶೇ. 12 ಮಾತ್ರ. ಬಿಳಿ ಅಕ್ಕಿಯ ಬದಲು ಗೋಧಿ ಹಿಟ್ಟು ಅಥವಾ ಸಿರಿಧಾನ್ಯದ ಹಿಟ್ಟು ತಿಂದರೆ ಮಧುಮೇಹದ ಸಂಭವ ಕಡಿಮೆ ಎಂದು ಅವರ ಲೆಕ್ಕದಲ್ಲಿ ಕಾಣಲಿಲ್ಲ. ಧಾನ್ಯದ ಒಂದು ಸಣ್ಣ ಪಾಲನ್ನು ತೆಗೆದು ಅಲ್ಲಿ ಬೇಳೆಕಾಳು, ಹಾಲು-ಮೊಸರಿನ ಪ್ರೊಟೀನ್ ಇಟ್ಟರೆ ಕಡಿಮೆ ಎಂದು ಕಂಡಿತು. ಸಮೀಕ್ಷೆಯ ಲೆಕ್ಕವೇ ಕೊನೆಯ ತೀರ್ಪು ಅಲ್ಲ, ಒಪ್ಪುತ್ತೇನೆ. ಆದರೆ ‘ಎರಡು ಚಪಾತಿ’ ಎಂಬ ಮಂತ್ರಕ್ಕೆ ಅಷ್ಟು ಆಧಾರವೂ ಇಲ್ಲವಲ್ಲ.

ನಮ್ಮ ದಿನವನ್ನೇ ನೋಡಿ. ಬೆಳಗ್ಗೆ ಉಪ್ಪಿಟ್ಟು, ಅವಲಕ್ಕಿ ಅಥವಾ ಚಿತ್ರಾನ್ನ. ಮಧ್ಯಾಹ್ನ ಸಾರನ್ನ, ಆಮೇಲೆ ಮಜ್ಜಿಗೆಯನ್ನ. ಸಂಜೆ ಕಾಫಿಗೆ ಬಿಸ್ಕೆಟ್, ‘ಷುಗರ್‌ಲೆಸ್’ ಎಂಬ ಸಮಾಧಾನದೊಂದಿಗೆ. ರಾತ್ರಿ ಅದೇ ಚಪಾತಿ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ. ತಿಳಿಸಾರಿಗೆ ಆರು ಜನರ ಮನೆಯಲ್ಲಿ ಹಾಕುವುದು ಒಂದು ಹಿಡಿ ತೊಗರಿಬೇಳೆ. ಬೇಳೆಯ ಹೆಸರಿನಲ್ಲಿ ನಾವು ಉಣ್ಣುವುದು ಹುಣಿಸೆ ರಸ. ಇಂಥ ದಿನಚರಿಯಲ್ಲಿ ಅನ್ನವನ್ನು ಅರ್ಧ ಮಾಡಿದರೆ ಧಾನ್ಯದಿಂದ ಬರುತ್ತಿದ್ದ ಪ್ರೊಟೀನೂ ಅರ್ಧವಾಯಿತು. ಅದೇ ಪೋಷಣಾ ಸಂಸ್ಥೆ 2020ರಲ್ಲಿ ನಿಗದಿ ಮಾಡಿದ ಪ್ರಮಾಣ ದಿನಕ್ಕೆ, ಮೈಯ ಪ್ರತಿ ಕಿಲೋಗೆ 0.83 ಗ್ರಾಂ ಪ್ರೊಟೀನ್. ಅರವತ್ತು ಕಿಲೋ ಇರುವವರಿಗೆ 50 ಗ್ರಾಂ. ಅದೂ ತೂಕ ಇಳಿಸುವ ಪ್ರಯತ್ನದಲ್ಲಿ ಇಲ್ಲದ, ಆರೋಗ್ಯವಾಗಿರುವ ಮನುಷ್ಯನಿಗೆ. ಊಟ ತಗ್ಗಿಸುವಾಗ ಸ್ನಾಯು ಉಳಿಯಬೇಕಾದರೆ ಅದಕ್ಕಿಂತ ಹೆಚ್ಚು ಬೇಕು.

ಎಷ್ಟು ಹೆಚ್ಚು ಎಂಬುದಕ್ಕೆ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಒಂದು ಪ್ರಯೋಗವಿದೆ, 2016ರದು. 40 ತರುಣರಿಗೆ ಬೇಕಾದ್ದಕ್ಕಿಂತ ಶೇ. 40ರಷ್ಟು ಕಡಿಮೆ ಊಟ ಕೊಟ್ಟು ನಾಲ್ಕು ವಾರ, ವಾರಕ್ಕೆ ಆರು ದಿನ, ಭಾರ ಎತ್ತುವುದೂ ಸೇರಿ ಬೆವರು ಕಿತ್ತು ಬರುವಂತೆ ವ್ಯಾಯಾಮ ಮಾಡಿಸಿದರು. ಅರ್ಧ ಜನರಿಗೆ ಕಿಲೋಗೆ 1.2 ಗ್ರಾಂ ಪ್ರೊಟೀನ್, ಉಳಿದವರಿಗೆ 2.4. ಮೊದಲ ಗುಂಪಿನವರು 3.5 ಕಿಲೋ ಕೊಬ್ಬು ಕಳೆದುಕೊಂಡರು, ಸ್ನಾಯು ಹಾಗೇ ಉಳಿಯಿತು. ಎರಡನೆಯವರು 4.8 ಕಿಲೋ ಕೊಬ್ಬು ಕಳೆದುಕೊಂಡರು, ಅರೆಹೊಟ್ಟೆಯಲ್ಲಿದ್ದೂ 1.2 ಕಿಲೋ ಸ್ನಾಯುಭಾಗ ಗಳಿಸಿದರು. ಅದು ತರುಣರ ಮೈ, ಪ್ರಯೋಗಶಾಲೆಯ ಶಿಸ್ತು. ಐವತ್ತೈದರ ಗುಮಾಸ್ತರಿಗೆ ಅದನ್ನು ಹಾಗೇ ಅನ್ವಯಿಸುವುದು ಹುಚ್ಚುತನ. ಆದರೆ 1.2 ಗ್ರಾಂ ಸಿಕ್ಕವರಲ್ಲೂ ಭಾರ ಎತ್ತಿದ್ದರಿಂದ ಸ್ನಾಯು ಉಳಿಯಿತು ಎಂಬುದನ್ನು ಗಮನಿಸಿ.

ಈಗ ವಾಕಿಂಗ್. ಲಾಲ್‌ಬಾಗಿನಲ್ಲಿ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ, ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯಲ್ಲಿ ಬೆಳಗ್ಗೆ ಐದೂವರೆಗೇ ನೆರೆಯುವ ಜನರನ್ನು ಕಂಡರೆ ನನಗೆ ಗೌರವವೇ. ನಡಿಗೆ ಹೃದಯಕ್ಕೆ ಒಳ್ಳೆಯದು, ಊಟದ ನಂತರದ ಸಕ್ಕರೆಯನ್ನು ತಗ್ಗಿಸುತ್ತದೆ, ನಿದ್ದೆ ತರುತ್ತದೆ, ಒಂಟಿತನ ಕಳೆಯುತ್ತದೆ. ನಮ್ಮಲ್ಲಿ ವಯಸ್ಕರ ಅರ್ಧದಷ್ಟು ಜನ ಅಷ್ಟೂ ಮಾಡುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2024ರಲ್ಲಿ ತೋರಿಸಿದ್ದಾರೆ. ನನ್ನ ಜಗಳ ನಡಿಗೆಯೇ ಎಲ್ಲ ಎಂಬ ನಂಬಿಕೆಯ ಜೊತೆಗೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ವೇದವಾಕ್ಯ ಹುಟ್ಟಿದ್ದು 1965ರಲ್ಲಿ, ಜಪಾನಿನ ಗಡಿಯಾರ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2010ರಿಂದಲೂ ಹೇಳುತ್ತಿರುವುದು ಎರಡು ಮಾತು: ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ, ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಬರುವ ವ್ಯಾಯಾಮ. ಮೊದಲನೆಯದು ನಮ್ಮೂರಿಗೆ ಬಂತು. ಎರಡನೆಯದು ದಾರಿಯಲ್ಲೆಲ್ಲೋ ಕಳೆದುಹೋಯಿತು.

ಕಳೆದುಹೋದದ್ದರ ಬೆಲೆ ಎಷ್ಟು? ಅಮೆರಿಕದ ಡೆನ್ನಿಸ್ ವಿಲ್ಲಾರಿಯಲ್ ಮತ್ತು ಸಂಗಡಿಗರು 65 ದಾಟಿದ, ಬೊಜ್ಜಿರುವ ಜನರನ್ನು ಗುಂಪು ಮಾಡಿ 2017ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ನೇರ ಉತ್ತರ. ಮೂರು ಗುಂಪಿನವರಿಗೆ ಊಟ ತಗ್ಗಿಸಿದರು. ಒಂದು ಗುಂಪಿಗೆ ನಡಿಗೆಯಂಥ ವ್ಯಾಯಾಮ, ಇನ್ನೊಂದಕ್ಕೆ ಭಾರ ಎತ್ತುವುದು, ಮೂರನೆಯದಕ್ಕೆ ಎರಡೂ. ಆರು ತಿಂಗಳಲ್ಲಿ ಮೂರೂ ಗುಂಪಿನವರ ತೂಕ ಇಳಿದದ್ದು ಒಂದೇ ಸಮ, ಸುಮಾರು ಶೇ. 9. ಯಂತ್ರವನ್ನು ಕೇಳಿದರೆ ಮೂರು ದಾರಿಯೂ ಒಂದೇ ಎನ್ನುತ್ತದೆ. ಒಳಗೆ ನೋಡಿದರೆ, ಬರೀ ನಡಿಗೆಯವರ ಸ್ನಾಯುಭಾಗ ಶೇ. 5ರಷ್ಟು ಹೋಗಿತ್ತು, ಭಾರ ಎತ್ತಿದವರದು ಶೇ. 2, ಎರಡೂ ಮಾಡಿದವರದು ಶೇ. 3. ಸೊಂಟದ ಮೂಳೆಯ ಸಾಂದ್ರತೆ ನಡಿಗೆಯವರಲ್ಲಿ ಶೇ. 3ರಷ್ಟು ಕುಸಿದಿತ್ತು, ಭಾರ ಎತ್ತಿದವರಲ್ಲಿ ಅರ್ಧ ಶೇಕಡಾ. ಅರವತ್ತೈದರ ಮೇಲೆ ಸೊಂಟದ ಮೂಳೆ ಎಂದರೆ ಏನೆಂದು ಬಚ್ಚಲಲ್ಲಿ ಜಾರಿದ ಅಜ್ಜಿಯಿರುವ ಮನೆಯವರಿಗೆ ಗೊತ್ತು.

ಇದಕ್ಕಿಂತ ಹಳೆಯ, ಇದಕ್ಕಿಂತ ಕ್ರೂರವಾದ ಪುರಾವೆಯೊಂದಿದೆ. 1944ರಲ್ಲಿ ಮಿನೆಸೋಟದಲ್ಲಿ ಮೇಲೆ ಹೇಳಿದ ಅದೇ ಆನ್ಸೆಲ್ ಕೀಸ್, ಯುದ್ಧಕ್ಕೆ ಹೋಗಲೊಪ್ಪದ 36 ಯುವಕರನ್ನು ಅವರ ಒಪ್ಪಿಗೆಯ ಮೇಲೆ ಅರೆಹೊಟ್ಟೆಯಲ್ಲಿಟ್ಟ. 24 ವಾರ. ಊಟಕ್ಕೆ ಹೆಚ್ಚಾಗಿ ಬ್ರೆಡ್ಡು, ಆಲೂಗಡ್ಡೆ, ಗಡ್ಡೆಗೆಣಸು, ಕೋಸು. ವಾರಕ್ಕೆ ಸುಮಾರು 35 ಕಿಲೋಮೀಟರ್ ನಡೆಯಲೇಬೇಕೆಂಬ ನಿಯಮ. ನಮ್ಮ ‘ಎರಡು ಚಪಾತಿ, ಒಂದು ವಾಕಿಂಗ್’ ಪಥ್ಯದ ಅತಿರೇಕದ ರೂಪ ಎನ್ನಬಹುದು. ತೂಕ ಕಾಲುಭಾಗ ಇಳಿಯಿತು, ಜೊತೆಗೆ ಸ್ನಾಯು ಕರಗಿತು, ಸದಾ ಚಳಿ, ಸದಾ ಊಟದ ಧ್ಯಾನ. ಮತ್ತೆ ಹೊಟ್ಟೆತುಂಬ ಕೊಟ್ಟಾಗ ಮೊದಲು ಮರಳಿದ್ದು ಕೊಬ್ಬು, ಅದೂ ಮೊದಲಿಗಿಂತ ಹೆಚ್ಚಾಗಿ. ಸ್ನಾಯು ನಿಧಾನವಾಗಿ ಹಿಂದೆ ಬಂತು. ವರ್ಷಕ್ಕೊಮ್ಮೆ ಪಥ್ಯ ಹಿಡಿದು, ಆರು ತಿಂಗಳಿಗೆ ಬಿಟ್ಟು, ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ನಾಯು ಕೊಟ್ಟು ಸ್ವಲ್ಪ ಕೊಬ್ಬು ತರುವವರು ನಮ್ಮ ನಡುವೆ ಎಷ್ಟಿಲ್ಲ!

ನಡಿಗೆಯವರ ತಲೆಯಲ್ಲಿ ಇನ್ನೊಂದು ಲೆಕ್ಕ ಕೂತಿದೆ. ಅದು ಕಿರಾಣಿ ಅಂಗಡಿಯ ಜಮಾ-ಖರ್ಚಿನ ಪುಸ್ತಕದಂತೆ: ಇಲ್ಲಿ ತಿಂದದ್ದನ್ನು ಅಲ್ಲಿ ನಡೆದು ತೀರಿಸಿದರೆ ಬಾಕಿ ಸೊನ್ನೆ. ಅದಕ್ಕೇ ಉದ್ಯಾನದ ಗೇಟಿನ ಎದುರಿನ ಹೋಟೆಲಿನಲ್ಲಿ ಏಳೂವರೆಗೆಲ್ಲ ಕೂರಲು ಜಾಗವಿರುವುದಿಲ್ಲ. ಮುಕ್ಕಾಲು ಗಂಟೆ ಬಿರುಸಾಗಿ ನಡೆದರೆ ಸಾಮಾನ್ಯ ಮೈಕಟ್ಟಿನವರಿಗೆ ಖರ್ಚಾಗುವುದು ಸುಮಾರು 200 ಕ್ಯಾಲೊರಿ. ಬೆಣ್ಣೆ ಹಾಕಿದ ಒಂದು ಮಸಾಲೆ ದೋಸೆ ಅದನ್ನು ಹಿಂದಿರುಗಿಸಿ ಮೇಲೆ ಬಡ್ಡಿಯನ್ನೂ ಕೊಡುತ್ತದೆ. ಲೆಕ್ಕ ಸರಿಯಾಗಿ ಬರೆದರೂ ಅದು ದಕ್ಕುವುದಿಲ್ಲ. ತಾಂಜಾನಿಯದ ಹಾಡ್ಜಾ ಬುಡಕಟ್ಟಿನವರು ದಿನವಿಡೀ ನಡೆದು, ಗೆಡ್ಡೆ ಅಗೆದು ಬದುಕುವವರು. ಮಾನವಶಾಸ್ತ್ರಜ್ಞ ಹರ್ಮನ್ ಪಾಂಟ್ಜರ್ 2012ರಲ್ಲಿ ಅಳೆದು ನೋಡಿದರೆ, ಮೈಗಾತ್ರಕ್ಕೆ ಹೊಂದಿಸಿದ ಮೇಲೆ ಅವರ ದಿನದ ಶಕ್ತಿಯ ಖರ್ಚು ಕುರ್ಚಿಯಲ್ಲಿ ಕೂತ ಪಾಶ್ಚಾತ್ಯರದಕ್ಕಿಂತ ಹೆಚ್ಚಿರಲಿಲ್ಲ. ಹೆಚ್ಚು ಓಡಾಡಿದರೆ ದೇಹ ಬೇರೆ ಕಡೆ ಉಳಿತಾಯ ಮಾಡುತ್ತದೆ ಎಂಬುದು ಅವರ ವಾದ.

ಊಟದ ಕೆಲಸ ಬೇರೆ, ವ್ಯಾಯಾಮದ ಕೆಲಸ ಬೇರೆ. ಕೊಬ್ಬು ಇಳಿಯುವುದು ಮುಖ್ಯವಾಗಿ ತಟ್ಟೆಯಿಂದ. ಇಳಿಯುವಾಗ ಸ್ನಾಯು, ಮೂಳೆ ಉಳಿಯುವುದು ಭಾರದ ಕೆಲಸದಿಂದ. ಒಂದು ಇನ್ನೊಂದರ ಸಾಲ ತೀರಿಸುವುದಿಲ್ಲ. ವಿಲ್ಲಾರಿಯಲ್ ಅವರ ಇನ್ನೊಂದು ಪ್ರಯೋಗ, 2011ರದು, ಇದನ್ನೇ ಒಂದು ವರ್ಷ ಕಾದು ತೋರಿಸಿತು. 107 ಹಿರಿಯರು, ನಾಲ್ಕು ಗುಂಪು. ಬರೀ ಪಥ್ಯದವರ ತೂಕ ಶೇ. 10 ಇಳಿಯಿತು, ಬರೀ ವ್ಯಾಯಾಮದವರದು ಇಳಿಯಲೇ ಇಲ್ಲ, ಎರಡೂ ಮಾಡಿದವರದು ಶೇ. 9. ಏಳುವ, ನಡೆಯುವ, ಮೆಟ್ಟಿಲು ಹತ್ತುವ ಸಾಮರ್ಥ್ಯದ ಅಂಕ ಬರೀ ಪಥ್ಯದವರಲ್ಲಿ ಶೇ. 12, ಬರೀ ವ್ಯಾಯಾಮದವರಲ್ಲಿ ಶೇ. 15, ಎರಡೂ ಮಾಡಿದವರಲ್ಲಿ ಶೇ. 21 ಏರಿತು. ತೂಕವನ್ನಷ್ಟೇ ನೋಡುವ ಡಾಕ್ಟರು ಬರೀ ಪಥ್ಯದವರಿಗೆ ಮೊದಲ ಬಹುಮಾನ ಕೊಟ್ಟುಬಿಡುತ್ತಿದ್ದರು.

ಉಲ್ಟಾ ಕಡೆಯಿಂದಲೂ ಪುರಾವೆ ಇದೆ. ಬಾಸ್ಟನ್ನಿನ ವೃದ್ಧಾಶ್ರಮವೊಂದರ, ಸರಾಸರಿ 87 ವರ್ಷದ 100 ಜನರ ಮೇಲೆ ಮಾರಿಯಾ ಫಿಯಾಟರೋನ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವರಿಗೆ ಪೌಷ್ಟಿಕ ಪೇಯ ಮಾತ್ರ ಕೊಟ್ಟರು, ಕೆಲವರಿಗೆ ಭಾರದ ವ್ಯಾಯಾಮ. ಹತ್ತು ವಾರದಲ್ಲಿ ವ್ಯಾಯಾಮ ಮಾಡಿದವರ ಸ್ನಾಯುಬಲ ಇಮ್ಮಡಿಗಿಂತ ಹೆಚ್ಚಾಯಿತು. ಪೇಯ ಮಾತ್ರ ಕುಡಿದವರಿಗೆ ಏನೂ ಆಗಲಿಲ್ಲ. ಅಪ್ಪನಿಗೆ ನಿಶ್ಶಕ್ತಿ ಎಂದು ಪ್ರೊಟೀನ್ ಪುಡಿಯ ಡಬ್ಬ ತಂದು ಟೀಪಾಯಿಯ ಮೇಲಿಡುವ ಮಕ್ಕಳು ಇದನ್ನು ಓದಬೇಕು.

ಹಾಗೆಂದು ಜಿಮ್ಮಿನ ಹುಡುಗರ ಪಾಳೆಯಕ್ಕೆ ನಾನು ಸೇರಿಲ್ಲ. ಎರಡು ತಿಂಗಳಲ್ಲಿ ಸಿಕ್ಸ್‌ಪ್ಯಾಕ್, ತಿಂಗಳಿಗೆ ಸಾವಿರಾರು ರೂಪಾಯಿಯ ಡಬ್ಬ, ತೋಳು-ಎದೆಗೆ ದಿನಾ ಪೂಜೆ, ಕಾಲಿಗೆ ಅಮಾವಾಸ್ಯೆಗೊಮ್ಮೆ: ಅದೂ ಅರ್ಧ ವಿದ್ಯೆಯೇ. ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿ ಮೈ ಬೆಳೆಸಲು ಪ್ರೊಟೀನ್ ಪುಡಿ ಬೇಡ ಎಂದಿದೆ. ಸರಿಯೇ. ಆದರೆ ಅದನ್ನು ಓದಿ ‘ನೋಡಿ, ಪ್ರೊಟೀನ್ ಬೇಡವಂತೆ’ ಎಂದು ತಿಳಿಸಾರಿಗೆ ಮರಳಿದವರ ಜಾಣತನಕ್ಕೆ ಏನೆನ್ನುವುದು! ಈಗ ಚುಚ್ಚುಮದ್ದೂ ಬಂದಿದೆ. 2025ರಲ್ಲಿ ಮೌಂಜಾರೊ, ವೆಗೋವಿ ನಮ್ಮ ಔಷಧದಂಗಡಿಗೆ ಕಾಲಿಟ್ಟವು. ಬೇಕಾದವರಿಗೆ ಅವು ವರವೇ. ಆದರೆ ವೆಗೋವಿಯಲ್ಲಿರುವ ಸೆಮಗ್ಲುಟೈಡ್‌ನ ಪ್ರಯೋಗದಲ್ಲಿ ಕೆಲವರ ಮೈ ಸ್ಕ್ಯಾನ್ ಮಾಡಿ ನೋಡಿದಾಗ ಇಳಿದ ತೂಕದ ಐದರಲ್ಲಿ ಸುಮಾರು ಎರಡು ಪಾಲು ಕೊಬ್ಬಲ್ಲದ ಭಾಗವಾಗಿತ್ತು. ಹಸಿವನ್ನು ಸೂಜಿ ನೋಡಿಕೊಳ್ಳಬಹುದು, ಸ್ನಾಯುವನ್ನು ಅದು ನೋಡಿಕೊಳ್ಳುವುದಿಲ್ಲ.

ಜಿಮ್ಮಿನ ಹೆಸರೆತ್ತಿದರೆ ನಮ್ಮಲ್ಲಿ ಒಂದು ನೋವಿನ ನೆನಪೂ ಏಳುತ್ತದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ನಾಡಿನ ದುಃಖ ವ್ಯಾಯಾಮದ ಮೇಲಿನ ಭಯವಾಗಿಯೂ ತಿರುಗಿತು. ಹೃದಯ ತಪಾಸಣೆಗೆ ಜನ ಸಾಲು ನಿಂತದ್ದು ಒಳ್ಳೆಯದಾಯಿತು; ನಲವತ್ತರ ಮೇಲೆ ಹೊಸದಾಗಿ ಭಾರ ಎತ್ತಲು ಹೊರಟವರು, ಮನೆಯಲ್ಲಿ ಹೃದ್ರೋಗದ ಚರಿತ್ರೆ ಇದ್ದವರು ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಅದರ ಜೊತೆಗೆ ‘ಜಿಮ್ಮೇ ಅಪಾಯ, ಸುಮ್ಮನೆ ಕೂರುವುದೇ ಕ್ಷೇಮ’ ಎಂಬ ತೀರ್ಮಾನ ಹಬ್ಬಿತಲ್ಲ, ಅದು ಒಬ್ಬ ಒಳ್ಳೆಯ ಮನುಷ್ಯನ ಸಾವಿನಿಂದ ಕಲಿತ ತಪ್ಪು ಪಾಠ.

‘ನಮ್ಮಜ್ಜ-ಅಜ್ಜಿ ಅನ್ನ ತಿಂದೇ ಗಟ್ಟಿಯಾಗಿದ್ದರು’ ಎನ್ನುವವರಿಗೂ ಒಂದು ಮಾತು. ಅಜ್ಜಿ ನಸುಕಿನಲ್ಲಿ ರಾಗಿಕಲ್ಲು ಬೀಸುತ್ತಿದ್ದರು, ಒರಳಿನಲ್ಲಿ ರುಬ್ಬುತ್ತಿದ್ದರು, ಬಾವಿಯಿಂದ ಕೊಡ ಸೇದಿ ಸೊಂಟದ ಮೇಲಿಟ್ಟು ತರುತ್ತಿದ್ದರು. ತೋಳು, ಬೆನ್ನು, ಕಾಲು ಎಲ್ಲಕ್ಕೂ ಭಾರ. ಮಿಕ್ಸಿ, ಗ್ರೈಂಡರು, ನಲ್ಲಿ ಬಂದದ್ದು ಪುಣ್ಯ. ಆ ದುಡಿಮೆಯನ್ನು ಹಾಡಿ ಹೊಗಳುವವರು ಅದನ್ನು ಮಾಡಿದವರಲ್ಲ. ಆದರೆ ಭಾರ ಹೋಯಿತು, ಊಟ ಹಾಗೇ ಉಳಿಯಿತು. ಇವತ್ತಿನ ಗೃಹಿಣಿಗೆ ‘ದಿನವಿಡೀ ಮನೆಗೆಲಸ ಮಾಡ್ತೀಯಲ್ಲ, ಅದೇ ವ್ಯಾಯಾಮ’ ಎಂದು ಮನೆಯವರು ಹೇಳುವುದು ಅವಳಿಗೆ ಅರ್ಧ ಗಂಟೆ ಬಿಡುವು ಕೊಡಬೇಕಾದೀತು ಎಂಬ ಹೆದರಿಕೆಗೆ. ಸುಸ್ತಾಗುವುದೇ ಬೇರೆ, ಬಲ ಬರುವುದೇ ಬೇರೆ. ಅವಳ ತಟ್ಟೆಯನ್ನೂ ನೋಡಿ: ಎಲ್ಲರದಾದ ಮೇಲೆ ಕೂರುತ್ತಾಳೆ, ಅಷ್ಟರಲ್ಲಿ ಹುಳಿಯ ತಳದ ಬೇಳೆ ಗಂಡನಿಗೆ, ಮೊಟ್ಟೆ ಮಕ್ಕಳಿಗೆ, ಉಳಿದ ಅನ್ನ ಅವಳಿಗೆ. ಸರ್ಕಾರಿ ಶಾಲೆಯ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಕೊಡಬೇಕೆಂದು ಈ ರಾಜ್ಯಕ್ಕೆ 2024ರಲ್ಲಿ ಅರ್ಥವಾಯಿತು. ಆ ಮಕ್ಕಳ ತಾಯಂದಿರ ಬಗ್ಗೆ ಯಾರಿಗೂ ಏನೂ ಹೊಳೆದಿಲ್ಲ. ಮುಟ್ಟು ನಿಂತ ಮೇಲೆ ಮೂಳೆ ಸವೆಯುವುದು ಅವಳದೇ. ‘ಸ್ವಲ್ಪ ತೂಕ ಇಳಿಸಮ್ಮ’ ಎಂಬ ಬುದ್ಧಿಮಾತೂ ಅವಳಿಗೇ. ಹೊಲದಲ್ಲಿ, ಕಟ್ಟಡದಲ್ಲಿ ಕೂಲಿ ಮಾಡುವ ಹೆಂಗಸರ ಮಾತು ಬೇರೆ. ಅವರಿಗೆ ಬೇಕಾದ್ದು ಊಟ ಮತ್ತು ವಿಶ್ರಾಂತಿ, ನಮ್ಮ ಉಪದೇಶವಲ್ಲ.

ಸೋಜಿಗವೆಂದರೆ ಊಟ ಮತ್ತು ವ್ಯಾಯಾಮ ಒಂದೇ ವಿದ್ಯೆ ಎಂಬುದು ನಮಗೆ ಹೊಸದೇ ಅಲ್ಲ. ಮೈಸೂರಿನ ಗರಡಿಗಳಲ್ಲಿ, ಬೆಳಗಾವಿ-ಧಾರವಾಡದ ಕಡೆಯ ತಾಲೀಮುಗಳಲ್ಲಿ ಉಸ್ತಾದರು ದಂಡ, ಬಸ್ಕಿ, ಗದೆಯ ಎಣಿಕೆಯ ಜೊತೆಗೇ ಹಾಲು, ಬಾದಾಮಿ, ಮೊಟ್ಟೆ, ಮಾಂಸದ ಲೆಕ್ಕವನ್ನೂ ಹೇಳುತ್ತಿದ್ದರು. ಸಾಮು ಬಿಟ್ಟು ಊಟ ಬಿಡದ ಪೈಲ್ವಾನನ ಹೊಟ್ಟೆ ಏನಾಗುತ್ತದೆ ಎಂಬುದು ಗರಡಿ ಇರುವ ಎಲ್ಲ ಊರಿಗೂ ಗೊತ್ತು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದು ಇವತ್ತಿಗೂ ಇದೆ. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಎಂಬುವರಿದ್ದರು, ‘ಶಾಂತಲಾ’, ‘ರೂಪದರ್ಶಿ’ಯ ಕಾದಂಬರಿಕಾರರೆಂದು ನಾವು ನೆನೆಯುವ ಅವರು ಮೊದಲಿಗೆ ಅಂಗಸಾಧಕರು, ವ್ಯಾಯಾಮಶಾಲೆ ನಡೆಸಿದವರು. ಡಂಬೆಲ್ ಮತ್ತು ಸೂರ್ಯನಮಸ್ಕಾರ ಎರಡನ್ನೂ ಕಲಿಸಿದವರು, 1930ರ ದಶಕದಲ್ಲೇ ದೇಹದಾರ್ಢ್ಯದ ಮೇಲೆ ಪುಸ್ತಕ ಬರೆದವರು. ಭಾರ ಎತ್ತುವುದು ಅನಕ್ಷರಸ್ಥರ ಕೆಲಸ, ಓದಿದವರಿಗೆ ಶಾಲು ಹೊದ್ದ ವಾಕಿಂಗ್ ಎಂಬ ಮರ್ಯಾದೆಯ ಕಲ್ಪನೆ ಆಮೇಲೆ ಎಲ್ಲಿಂದ ಬಂತೋ. ಗರಡಿಯನ್ನು ದಸರೆಯ ವಜ್ರಮುಷ್ಟಿ ಕಾಳಗದ ದಿನ ಟೀವಿಯಲ್ಲಿ ನೋಡಿ ಚಪ್ಪಾಳೆ ತಟ್ಟುವುದಕ್ಕೆ ಇಟ್ಟುಕೊಂಡಿದ್ದೇವೆ.

‘ಹಾಗಾದರೆ ಏನು ಮಾಡಬೇಕು, ಜಿಮ್ಮಿಗೆ ದುಡ್ಡು ಯಾರು ಕೊಡುತ್ತಾರೆ?’ ಎನ್ನಬೇಡಿ. ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದರಿಂದ ಶುರುವಾಗಿ ಪೂರ್ತಿ ಬಸ್ಕಿಯವರೆಗೆ. ಗೋಡೆಗೆ ಕೈಕೊಟ್ಟು ಮಾಡುವ ದಂಡದಿಂದ ನೆಲದ ದಂಡದವರೆಗೆ. ಎರಡು ಕೈಯಲ್ಲಿ ಐದೈದು ಲೀಟರ್ ನೀರಿನ ಕ್ಯಾನು ಹಿಡಿದು ಮೆಟ್ಟಿಲು ಹತ್ತುವುದು. ವಾರಕ್ಕೆ ಎರಡು ಮೂರು ದಿನ ಸಾಕು. ಷರತ್ತು ಒಂದೇ: ಸಲೀಸಾದ ಮೇಲೆ ಭಾರ ಏರಬೇಕು. ವರ್ಷಗಟ್ಟಲೆ ಅದೇ ಅರ್ಧ ಲೀಟರಿನ ಬಾಟಲಿ ಎತ್ತಿದರೆ ತೋಳಿಗೆ ಯಾವ ಸುದ್ದಿಯೂ ಮುಟ್ಟುವುದಿಲ್ಲ.

ತಟ್ಟೆಯೂ ದುಬಾರಿಯಾಗಬೇಕಿಲ್ಲ. ಅರವತ್ತು ಕಿಲೋದವರು ದಿನಕ್ಕೆ ಅರ್ಧ ಲೀಟರ್ ಹಾಲು-ಮೊಸರು, ಎರಡು ಮೊಟ್ಟೆ, 50 ಗ್ರಾಂ ಹುರುಳಿ ಅಥವಾ ಹೆಸರುಕಾಳಿನ ಉಸಲಿ, ಇನ್ನೊಂದು 50 ಗ್ರಾಂ ಬೇಳೆಯ ಗಟ್ಟಿ ಹುಳಿ, ಒಂದು ಹಿಡಿ ಕಡಲೆಬೀಜ, ಮೂರು ಹೊತ್ತಿಗೂ ಸೇರಿ 200 ಗ್ರಾಂ ಅಕ್ಕಿ-ರಾಗಿ ತಿಂದರೆ ಪ್ರೊಟೀನ್ 70 ಗ್ರಾಂ ಹತ್ತಿರ ಬರುತ್ತದೆ. ಮೊಟ್ಟೆ ಮುಟ್ಟದವರಿಗೆ 25 ಗ್ರಾಂ ಸೋಯಾ ಚಂಕ್ಸ್ ಅದರ ಜಾಗ ತುಂಬುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಗಮನಿಸಿ, ಅನ್ನ ಇಲ್ಲೂ ಇದೆ. ಮೊದಲು ಅದು ತಟ್ಟೆಯ ಯಜಮಾನನಾಗಿತ್ತು, ಈಗ ಪಕ್ಕಕ್ಕೆ ಸರಿದಿದೆ. ಮೂರು ತಿಂಗಳ ಮೇಲೆ ಯಂತ್ರ ಎರಡೇ ಕಿಲೋ ಇಳಿದದ್ದು ತೋರಿಸಿ, ಟೇಪು ಐದು ಸೆಂಟಿಮೀಟರ್ ಇಳಿದದ್ದು ತೋರಿಸಿದರೆ ಟೇಪಿನ ಮಾತು ಕೇಳಿ.

ವೈದ್ಯರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಮೇಜಿನ ಮೇಲೆ ಒಂದು ಟೇಪು ಇಡಿ. ಬಂದವರನ್ನು ಕುರ್ಚಿಯಿಂದ ಕೈಯೂರದೆ ಐದು ಸಲ ಎದ್ದು ಕೂರಿಸಿ ನೋಡಿ. ನಿನ್ನೆ ಏನೇನು ತಿಂದಿರಿ ಎಂದು ಕೇಳಿ. ಸಕ್ಕರೆ ಎಷ್ಟು ಎಂದು ವಿಚಾರಿಸುವಷ್ಟೇ ಕಾಳಜಿಯಿಂದ ಬೇಳೆ ಎಷ್ಟು ಎಂದೂ ವಿಚಾರಿಸಿ. ಇದನ್ನು ಮಾಡದೆ ಚೀಟಿಯ ಕೆಳಗೆ ‘ತೂಕ ಇಳಿಸಿ’ ಎಂದು ಗೀಚುವುದು ವೈದ್ಯವಲ್ಲ, ಅಭ್ಯಾಸ. ಓದುಗರಲ್ಲಿಯೂ ಒಂದು ವಿನಂತಿ: ಮುಂದಿನ ಸಲ ಯಾರಾದರೂ ತೂಕ ಇಳಿಸಿ ಎಂದರೆ ‘ಯಾವುದರ ತೂಕ, ಕೊಬ್ಬಿನದೋ ಸ್ನಾಯುವಿನದೋ?’ ಎಂದು ಕೇಳಿ, ಉತ್ತರ ಬರುವವರೆಗೂ ಕುರ್ಚಿ ಬಿಟ್ಟು ಏಳಬೇಡಿ. ಹೊರಗೆ ಟೋಕನ್ ಹಿಡಿದು ಕೂತವರು ಇನ್ನೈದು ನಿಮಿಷ ಕಾಯಲಿ. ಅವರಿಗೂ ಅದೇ ಚೀಟಿ ಸಿಗಲಿದೆ.